ಗುಬ್ಬಿಯ ಹೆಲಿಕಾಪ್ಟರ್ ಕಾರ್ಖಾನೆಗೂ 1999ರ ಮೇ 28ಕ್ಕೂ ಏನು ಸಂಬಂಧ?

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ ಎಚ್‌ಎಎಲ್ ಕಾರ್ಖಾನೆಯ ಮಾತು ಬಂದರೆ ನಮ್ಮ ಕಡೆ ಸಾಮಾನ್ಯವಾಗಿ ಎರಡು ಪ್ರಶ್ನೆ ಏಳುತ್ತವೆ. ಎಷ್ಟು ಜನಕ್ಕೆ ಕೆಲಸ ಸಿಗುತ್ತೆ? ಸುತ್ತಮುತ್ತ ಜಮೀನಿನ ರೇಟು ಎಷ್ಟಾಯ್ತು? ಎರಡೂ ನ್ಯಾಯವಾದ ಪ್ರಶ್ನೆಗಳೇ. ಈಚೆಗೆ ನಿಟ್ಟೂರಿನ ಟೀ ಅಂಗಡಿಯಲ್ಲಿ ಪಿಯುಸಿ ಓದುವ ಹುಡುಗನೊಬ್ಬ ಮೂರನೇ ಪ್ರಶ್ನೆ ಕೇಳಿದ. "ಅಣ್ಣಾ, ಯುದ್ಧದ ಹೆಲಿಕಾಪ್ಟರ್ ಹೊರದೇಶದಿಂದ ತರಿಸ್ತಿದ್ವಲ್ಲ, ಈಗ ನಾವೇ ಯಾಕೆ ಮಾಡ್ಬೇಕು?"

ಅವನಿಗೆ ಉತ್ತರ ಹೇಳಬೇಕಾದರೆ ಕಾರ್ಗಿಲ್‌ವರೆಗೆ ಹೋಗಬೇಕು. ಅವನು ಹುಟ್ಟುವ ಮೊದಲೇ ತೀರಿಹೋದ ನಾಲ್ವರ ಹೆಸರು ಹೇಳಬೇಕು.

1999ರ ಮೇ ತಿಂಗಳು. ಪಾಕಿಸ್ತಾನದ ಸೈನಿಕರು ಗಡಿ ನಿಯಂತ್ರಣ ರೇಖೆ ದಾಟಿ ದ್ರಾಸ್, ಬಟಾಲಿಕ್ ಕಡೆಯ ಬೆಟ್ಟಗಳ ತುದಿ ಹಿಡಿದು ಕೂತಿದ್ದರು. ತೋಲೋಲಿಂಗ್ ಬೆಟ್ಟದ ಮೇಲಿಂದ ನೋಡಿದರೆ ದ್ರಾಸ್ ಊರು, ಶ್ರೀನಗರ–ಲೇಹ್ ಹೆದ್ದಾರಿ ಎರಡೂ ಕಾಲ ಕೆಳಗೆ ಕಾಣುತ್ತವೆ. ರಸ್ತೆಯಲ್ಲಿ ಓಡಾಡುವ ಒಂದೊಂದು ಲಾರಿಯೂ ಅವರ ಫಿರಂಗಿಗೆ ಗುರಿ. ಕೆಳಗಿನಿಂದ ಹತ್ತುವ ನಮ್ಮ ಸೈನಿಕರಿಗೆ ಮರೆಗೆ ಒಂದು ಮರವೂ ಇರಲಿಲ್ಲ.

ಭೂಸೇನೆ ಹೆಲಿಕಾಪ್ಟರ್ ನೆರವು ಕೇಳಿತು. ಆಗ ವಾಯುಸೇನೆಯ ಮುಖ್ಯಸ್ಥರಾಗಿದ್ದವರು ಎ.ವೈ. ಟಿಪ್ನಿಸ್. ಅಷ್ಟು ಎತ್ತರದಲ್ಲಿ ಹೆಲಿಕಾಪ್ಟರ್‌ಗಳು ಶತ್ರುವಿಗೆ ಸುಲಭದ ತುತ್ತಾಗುತ್ತವೆ ಎನ್ನುವ ಆತಂಕ ಅವರಿಗಿತ್ತು. ವಾಯುಶಕ್ತಿ ಬಳಸಲು ಸರ್ಕಾರದ ಒಪ್ಪಿಗೆಯೂ ಬೇಕಿತ್ತು. ಮೇ 25ರಂದು ಒಪ್ಪಿಗೆ ಸಿಕ್ಕಿತು. ಆದರೆ ಗಡಿ ನಿಯಂತ್ರಣ ರೇಖೆ ದಾಟಬಾರದು ಎನ್ನುವ ಕಟ್ಟಪ್ಪಣೆ ಜೊತೆಗಿತ್ತು. ಮೇ 26ರಂದು 'ಆಪರೇಷನ್ ಸಫೇದ್ ಸಾಗರ್' ಶುರುವಾಯಿತು.

ಇಲ್ಲಿ ಸ್ವಲ್ಪ ನಿಂತು ಎತ್ತರದ ಲೆಕ್ಕ ನೋಡೋಣ. ನಮ್ಮ ದೇವರಾಯನದುರ್ಗ ಸಮುದ್ರ ಮಟ್ಟದಿಂದ ಸುಮಾರು 4,000 ಅಡಿ. ತೋಲೋಲಿಂಗ್ ಸಾಲಿನ ಒಂದು ಶಿಖರಕ್ಕೆ ಪಾಯಿಂಟ್ 5140 ಎಂದು ಹೆಸರು. ಅದರ ಎತ್ತರ 5,140 ಮೀಟರ್, ಅಂದರೆ ಸುಮಾರು 16,860 ಅಡಿ. ನಾಲ್ಕು ದೇವರಾಯನದುರ್ಗಗಳನ್ನು ಒಂದರ ಮೇಲೊಂದು ಇಟ್ಟರೂ ಅದರ ತುದಿ ಮುಟ್ಟುವುದಿಲ್ಲ. ಅಲ್ಲಿನ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ್ದಕ್ಕೆ ಹೋಲಿಸಿದರೆ ನೂರಕ್ಕೆ 60ರಷ್ಟು ಮಾತ್ರ. ಹೆಲಿಕಾಪ್ಟರ್ ಮೇಲೇಳುವುದು ರೆಕ್ಕೆಗಳು ಗಾಳಿಯನ್ನು ಕೆಳಕ್ಕೆ ತಳ್ಳುವುದರಿಂದ. ತಳ್ಳಲು ಗಾಳಿಯೇ ತೆಳುವಾದರೆ ರೆಕ್ಕೆಗೆ ಹಿಡಿತ ಸಿಗುವುದಿಲ್ಲ. ಎಂಜಿನ್ನಿಗೂ ಉಸಿರು ಸಾಲದು. ಭಾರ ಹೊತ್ತಿದ್ದರೆ ಚುರುಕಾಗಿ ತಿರುಗಲೂ ಆಗದು.

ದಾಳಿಗೆಂದೇ ಮಾಡಿದ ರಷ್ಯಾದ ದೊಡ್ಡ ಹೆಲಿಕಾಪ್ಟರ್‌ಗಳು ನಮ್ಮಲ್ಲಿದ್ದವು. ಆದರೆ ಅವು ಆ ಎತ್ತರದಲ್ಲಿ ಕೆಲಸಕ್ಕೆ ಬರುತ್ತಿರಲಿಲ್ಲ. ಹಾಗಾಗಿ ಎಂಐ-17ಗಳಿಗೆ ರಾಕೆಟ್ ಕಟ್ಟಿದರು. ಎಂಐ-17 ಮೂಲತಃ ಸಾಗಣೆಯ ಹೆಲಿಕಾಪ್ಟರ್. ಇಪ್ಪತ್ತಕ್ಕೂ ಹೆಚ್ಚು ಜನರನ್ನು, ಟನ್‌ಗಟ್ಟಲೆ ಸಾಮಾನನ್ನು ಹೊರುವ ಗಟ್ಟಿ ಯಂತ್ರ. ಒಳ್ಳೆಯ ಯಂತ್ರವೇ. ಆದರೆ ಮೈ ದೊಡ್ಡದು, ದೂರದಿಂದಲೇ ಕಾಣುತ್ತದೆ.

ಎದುರಿಗಿದ್ದದ್ದು ಸ್ಟಿಂಗರ್. ಹೆಗಲ ಮೇಲಿಟ್ಟು ಹಾರಿಸುವ ಅಮೆರಿಕದ ಕ್ಷಿಪಣಿ ಅದು. ಎಂಜಿನ್ನಿನ ಬಿಸಿಯನ್ನು ಹುಡುಕಿಕೊಂಡು ಹೋಗಿ ಹೊಡೆಯುತ್ತದೆ. 1986ರಲ್ಲಿ ಅಫ್ಘಾನಿಸ್ತಾನದ ಜಲಾಲಾಬಾದ್ ಹತ್ತಿರ ಒಂದೇ ದಿನ ಸೋವಿಯತ್ ಸೇನೆಯ ಮೂರು ದಾಳಿ ಹೆಲಿಕಾಪ್ಟರ್‌ಗಳನ್ನು ಉರುಳಿಸಿ ಹೆಸರು ಮಾಡಿತ್ತು. ಬಯಲಿನಲ್ಲಾದರೆ ಹೆಲಿಕಾಪ್ಟರ್ ಗಿಡಮರದ ಮಟ್ಟಕ್ಕೆ ಇಳಿದು ಮರೆಯಾಗಬಹುದು. ಬೆಟ್ಟದಲ್ಲಿ ಎಲ್ಲ ತಲೆಕೆಳಗು. ಕ್ಷಿಪಣಿ ಹಿಡಿದವನೇ 16,000 ಅಡಿ ಮೇಲೆ ನಿಂತಿರುತ್ತಾನೆ. ಹೆಲಿಕಾಪ್ಟರ್ ಅವನ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಇದರ ಮುನ್ಸೂಚನೆ ಮೇ 21ರಂದೇ ಸಿಕ್ಕಿತ್ತು. ಬಟಾಲಿಕ್ ಮೇಲೆ ಚಿತ್ರ ತೆಗೆಯಲು ಹೋಗಿದ್ದ ಕ್ಯಾನ್‌ಬೆರಾ ವಿಮಾನಕ್ಕೆ ಕ್ಷಿಪಣಿ ತಗುಲಿತ್ತು. ಅದು ಒಂದೇ ಎಂಜಿನ್ನಿನಲ್ಲಿ ಶ್ರೀನಗರಕ್ಕೆ ಬಂದು ಇಳಿಯಿತು.

ಬಿಸಿ ಹುಡುಕುವ ಕ್ಷಿಪಣಿಯನ್ನು ದಾರಿ ತಪ್ಪಿಸಲು ಒಂದು ಉಪಾಯವಿದೆ. ಅದಕ್ಕೆ ಫ್ಲೇರ್ ಎನ್ನುತ್ತಾರೆ. ದೀಪಾವಳಿಯ ಮತಾಪಿನಂತೆ ಧಗಧಗ ಉರಿಯುವ ತುಂಡುಗಳನ್ನು ಹೆಲಿಕಾಪ್ಟರ್‌ನಿಂದ ಚೆಲ್ಲುತ್ತಾರೆ. ಕ್ಷಿಪಣಿ ಎಂಜಿನ್ ಬಿಟ್ಟು ಆ ಉರಿಯ ಹಿಂದೆ ಹೋಗುತ್ತದೆ.

ಮೇ 27ರಂದು ಎರಡು ಯುದ್ಧ ವಿಮಾನಗಳನ್ನು ಕಳೆದುಕೊಂಡೆವು. ಫ್ಲೈಟ್ ಲೆಫ್ಟಿನೆಂಟ್ ನಚಿಕೇತ ಸೆರೆಯಾದರು. ಸ್ಕ್ವಾಡ್ರನ್ ಲೀಡರ್ ಅಜಯ್ ಅಹುಜಾ ಪ್ರಾಣ ಕೊಟ್ಟರು. ಮರುದಿನ 152ನೇ ಹೆಲಿಕಾಪ್ಟರ್ ಘಟಕದ ಎಂಐ-17ಗಳು ತೋಲೋಲಿಂಗ್ ಕಡೆ ಹೊರಟವು. ತಂಡದ ಗುರುತಿನ ಹೆಸರು 'ನುಬ್ರಾ'. ಗುರಿಗಳ ಮೇಲೆ ರಾಕೆಟ್ ಹಾರಿಸಿ ತಿರುಗುವಾಗ ಒಂದು ಹೆಲಿಕಾಪ್ಟರ್‌ಗೆ ಸ್ಟಿಂಗರ್ ಬಡಿಯಿತು. ಆ ಹೆಲಿಕಾಪ್ಟರ್‌ನಲ್ಲಿ ಫ್ಲೇರ್ ಚೆಲ್ಲುವ ಸಾಧನ ಇರಲಿಲ್ಲ.

ಅದರಲ್ಲಿದ್ದವರು ಸ್ಕ್ವಾಡ್ರನ್ ಲೀಡರ್ ರಾಜೀವ್ ಪುಂಡಿರ್, ಫ್ಲೈಟ್ ಲೆಫ್ಟಿನೆಂಟ್ ಎಸ್. ಮುಹಿಲನ್, ಸಾರ್ಜೆಂಟ್ ಪಿ.ವಿ.ಎನ್.ಆರ್. ಪ್ರಸಾದ್, ಸಾರ್ಜೆಂಟ್ ರಾಜ್ ಕಿಶೋರ್ ಸಾಹು. ಇಬ್ಬರು ಅಧಿಕಾರಿಗಳು, ಇಬ್ಬರು ಸಾರ್ಜೆಂಟರು. ನಾಲ್ವರೂ ಉಳಿಯಲಿಲ್ಲ.

ನನಗೆ ಜಾಸ್ತಿ ಕಾಡುವುದು ಇದೇ. ಅಲ್ಲಿ ಧೈರ್ಯಕ್ಕೆ ಕೊರತೆ ಇರಲಿಲ್ಲ. ಹಿಂದಿನ ದಿನ ಏನಾಯಿತು ಅಂತ ಆ ನಾಲ್ವರಿಗೂ ಗೊತ್ತಿತ್ತು. ಗೊತ್ತಿದ್ದೇ ಹತ್ತಿದರು. ಕೊರತೆ ಇದ್ದದ್ದು ಅವರ ಕೈಗೆ ಕೊಟ್ಟ ಯಂತ್ರದಲ್ಲಿ. ಆ ಎತ್ತರದಲ್ಲಿ ಹೋರಾಡಲೆಂದೇ ಮಾಡಿದ ಒಂದು ಹೆಲಿಕಾಪ್ಟರ್ ದೇಶದಲ್ಲಿ ಇರಲಿಲ್ಲ.

ಅಂದಿನಿಂದ ಆ ಯುದ್ಧದಲ್ಲಿ ದಾಳಿಯ ಕೆಲಸಕ್ಕೆ ಹೆಲಿಕಾಪ್ಟರ್ ಬಳಸುವುದನ್ನು ನಿಲ್ಲಿಸಿದರು. ಗಾಯಾಳುಗಳನ್ನು ತರುವುದು, ಸಾಮಾನು ಮುಟ್ಟಿಸುವುದು ಮಾತ್ರ ಮುಂದುವರಿಯಿತು. ಜೂನ್ 13ರಂದು ಕಾಲ್ನಡಿಗೆಯ ಸೈನಿಕರು ತುಂಬಾ ಪ್ರಾಣ ಕೊಟ್ಟು ತೋಲೋಲಿಂಗ್ ಗೆದ್ದರು. 20 ವರ್ಷದ ನಂತರ, 2019ರ ಮೇ 28ರಂದು, ಉತ್ತರ ಪ್ರದೇಶದ ಸರ್ಸಾವಾ ವಾಯುನೆಲೆಯ ಮೇಲೆ ಎಂಐ-17ಗಳು ಸಾಲಿನಲ್ಲಿ ಒಂದರ ಜಾಗ ಖಾಲಿ ಬಿಟ್ಟು ಹಾರಿದವು. ಅಗಲಿದವರಿಗೆ ವಾಯುಸೇನೆ ಗೌರವ ಕೊಡುವ ರೀತಿ ಅದು.

ಯುದ್ಧ ಮುಗಿದ ಮೇಲೆ ಬೆಂಗಳೂರಿನಲ್ಲಿ ಕೆಲಸ ಶುರುವಾಯಿತು. ಬೇಗ ಆಗಲಿಲ್ಲ. ಹಗುರ ದಾಳಿ ಹೆಲಿಕಾಪ್ಟರ್ ಯೋಜನೆಗೆ ಸರ್ಕಾರದ ಮಂಜೂರಾತಿ ಸಿಕ್ಕಿದ್ದು 2006ರಲ್ಲಿ. ಮೊದಲ ಹಾರಾಟ 2010ರ ಮಾರ್ಚ್ 29ರಂದು. 2015ರಲ್ಲಿ ಅದು ಸಿಯಾಚಿನ್‌ನಲ್ಲಿ ಸುಮಾರು 4,700 ಮೀಟರ್ ಎತ್ತರದಲ್ಲಿ ಇಳಿದು ಮತ್ತೆ ಮೇಲೆದ್ದು ತೋರಿಸಿತು. 2022ರ ಅಕ್ಟೋಬರ್ 3ರಂದು ಜೋಧಪುರದಲ್ಲಿ 'ಪ್ರಚಂಡ' ಎಂಬ ಹೆಸರಿನಲ್ಲಿ ವಾಯುಸೇನೆ ಸೇರಿತು. ಆ ನಾಲ್ವರು ಹೋಗಿ ಅಷ್ಟರಲ್ಲಿ 23 ವರ್ಷ ಕಳೆದಿತ್ತು. ಒಂದು ಪಾಠವನ್ನು ಯಂತ್ರವಾಗಿಸಲು ಇಷ್ಟು ಕಾಲ ಹಿಡಿಯಬಾರದಿತ್ತು ಅಂತ ನನಗೆ ಅನ್ನಿಸುತ್ತದೆ.

ಪ್ರಚಂಡ 5.8 ಟನ್ ತೂಗುತ್ತದೆ. ಇಬ್ಬರು ಪೈಲಟ್‌ಗಳು ಒಬ್ಬರ ಹಿಂದೊಬ್ಬರು ಕೂರುತ್ತಾರೆ. ಹಾಗಾಗಿ ಮೈ ತೆಳ್ಳಗಿದೆ, ಎದುರಿನಿಂದ ನೋಡುವವನಿಗೆ ಸಣ್ಣ ಗುರಿ. ಎರಡು 'ಶಕ್ತಿ' ಎಂಜಿನ್‌ಗಳು ತೆಳು ಗಾಳಿಯಲ್ಲೂ ದುಡಿಯುತ್ತವೆ. ಕ್ಷಿಪಣಿ ಬರುತ್ತಿದೆ ಅಂತ ಎಚ್ಚರಿಸುವ ಉಪಕರಣ ಇದೆ. ಫ್ಲೇರ್ ಕೂಡ ಇದೆ. 1999ರಲ್ಲಿ ಏನೇನು ಇರಲಿಲ್ಲವೋ ಅದರ ಪಟ್ಟಿಯನ್ನೇ ಹಿಡಿದು ಕಟ್ಟಿದಂತೆ ಕಾಣುತ್ತದೆ, ಅಲ್ವಾ?

ನಮ್ಮ ಗುಬ್ಬಿ ಈ ಕಥೆಗೆ ಸೇರುವುದು ಇಲ್ಲಿ. ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಕಾರ್ಖಾನೆಗೆ ಶಂಕುಸ್ಥಾಪನೆ ಆದದ್ದು 2016ರ ಜನವರಿಯಲ್ಲಿ. ಉದ್ಘಾಟನೆ 2023ರ ಫೆಬ್ರವರಿ 6ರಂದು. 2025ರ ಮಾರ್ಚ್ 28ರಂದು ರಕ್ಷಣಾ ಸಚಿವಾಲಯ 156 ಪ್ರಚಂಡಗಳಿಗೆ ಎಚ್‌ಎಎಲ್ ಜೊತೆ ಒಪ್ಪಂದ ಮಾಡಿಕೊಂಡಿತು. ಮೊತ್ತ 62,700 ಕೋಟಿ ರೂಪಾಯಿ. ಭೂಸೇನೆಗೆ 90, ವಾಯುಸೇನೆಗೆ 66. ಅವು ತಯಾರಾಗುವುದು ಬೆಂಗಳೂರು ಮತ್ತು ತುಮಕೂರಿನ ಕಾರ್ಖಾನೆಗಳಲ್ಲಿ.

ಯಂತ್ರ ಒಳ್ಳೆಯದಾದರೆ ಎಲ್ಲ ಸರಿಹೋಯಿತು ಅಂತ ಸುಮ್ನೆ ಹೇಳಿಬಿಡುವ ಹಾಗಿಲ್ಲ. 2019ರ ಫೆಬ್ರವರಿ 27ರಂದು ಬಡ್ಗಾಮ್‌ನಲ್ಲಿ ಇನ್ನೊಂದು ಎಂಐ-17 ಬಿತ್ತು. ಗಡಿಯ ಆಚೆ ಈಚೆ ವಿಮಾನಗಳು ಕಾದಾಡುತ್ತಿದ್ದ ಬೆಳಿಗ್ಗೆ ಅದು. ಹೊಡೆದದ್ದು ನಮ್ಮದೇ ಕ್ಷಿಪಣಿ. ಹೆಲಿಕಾಪ್ಟರ್‌ನಲ್ಲಿದ್ದ ಆರು ಮಂದಿ, ನೆಲದ ಮೇಲಿದ್ದ ಒಬ್ಬರು ತೀರಿಕೊಂಡರು. ಅದು ನಮ್ಮಿಂದ ಆದ ದೊಡ್ಡ ತಪ್ಪು ಎಂದು ಅದೇ ವರ್ಷ ಅಕ್ಟೋಬರ್‌ನಲ್ಲಿ ವಾಯುಸೇನೆಯ ಮುಖ್ಯಸ್ಥ ಆರ್.ಕೆ.ಎಸ್. ಭದೌರಿಯಾ ಒಪ್ಪಿಕೊಂಡರು. ಆಕಾಶದಲ್ಲಿರುವುದು ನಮ್ಮವರೋ ಪರರೋ ಎಂದು ನೆಲದಲ್ಲಿದ್ದವರಿಗೆ ಖಚಿತವಾಗಿ ಗೊತ್ತಾಗಬೇಕು. ಅದನ್ನು ಯಾವ ಕಾರ್ಖಾನೆಯೂ ಒಂದೇ ತಯಾರಿಸಿ ಕೊಡಲಾರದು. ತರಬೇತಿ, ಶಿಸ್ತು, ಸರಿಯಾದ ಸಂಪರ್ಕ ಎಲ್ಲ ಸೇರಬೇಕು.

ಆ ಹುಡುಗ ಕೊನೆಗೆ ಇನ್ನೊಂದು ಕೇಳಿದ. "ಹಾಗಾದ್ರೆ ಗುಬ್ಬೀಲಿ ಬರೀ ಪ್ರಚಂಡನಾ?" ಅಲ್ಲ. ಈ ಕಾರ್ಖಾನೆಗೆ ಮೊದಲು ಗೊತ್ತು ಮಾಡಿದ ಕೆಲಸ ಎಲ್‌ಯುಎಚ್ ಎಂಬ ಮೂರು ಟನ್ ವರ್ಗದ, ಒಂದೇ ಎಂಜಿನ್ನಿನ ಹೆಲಿಕಾಪ್ಟರ್ ಮಾಡುವುದು. ಶುರುವಿಗೆ ವರ್ಷಕ್ಕೆ 30, ಆಮೇಲೆ 60, 90 ಎನ್ನುವುದು ಯೋಜನೆ. ಹಳೆಯ ಚೀತಾ, ಚೇತಕ್‌ಗಳ ಜಾಗಕ್ಕೆ ಅವು ಬರಬೇಕು. ಚೀತಾ 1970ರ ದಶಕದಿಂದ ನಮ್ಮ ಸೇನೆಯಲ್ಲಿದೆ. ಕಾರ್ಗಿಲ್‌ನಲ್ಲಿ ಗಾಯಾಳುಗಳನ್ನು ಹೊತ್ತು ತಂದದ್ದು ಅದೇ. ಸಿಯಾಚಿನ್ ಕಾವಲು ಠಾಣೆಗಳಿಗೆ ಸೀಮೆಎಣ್ಣೆ, ಔಷಧಿ ಮುಟ್ಟಿಸಿ, ಹಿಮದಲ್ಲಿ ಕಾಯಿಲೆ ಬಿದ್ದವರನ್ನು ಕೆಳಗಿಳಿಸುವುದೂ ಅದೇ. ಬಿದರೆಹಳ್ಳ ಕಾವಲಿನಿಂದ ಎಲ್‌ಯುಎಚ್‌ಗಳು ಸಾಲಾಗಿ ಹೊರಡುವವರೆಗೂ ಆ ಭಾರ ಚೀತಾದ ಮೇಲೇ ಇರುತ್ತದೆ, ಅದನ್ನು ಹಾರಿಸುವ ಇಬ್ಬರು ಪೈಲಟ್‌ಗಳ ಮೇಲೇ ಇರುತ್ತದೆ.