‘ಈಗ ಕೊಡಿ, ವೋಚರ್ ನಾಳೆ ಮಾಡುವ’: ಹೊಣೆ ಯಾರ ತಲೆಗೆ?

ಪ್ರಶ್ನೆ: ಉಡುಪಿಯ ಒಂದು ಸಹಕಾರಿ ಸೊಸೈಟಿಯಲ್ಲಿ ಕ್ಯಾಷಿಯರ್ ಆಗಿದ್ದೇನೆ. ಮ್ಯಾನೇಜರ್ ಆಗಾಗ ‘ಐದು ಸಾವಿರ ಕೊಡಿ, ವೋಚರ್ ನಾಳೆ ಮಾಡುವ’ ಅಂತ ಹಣ ತೆಗೆದುಕೊಳ್ಳುತ್ತಾರೆ. ಆಡಿಟ್‌ನಲ್ಲಿ ಸಿಕ್ಕಿದರೆ ಹೊಣೆ ಅವರದ್ದಾ, ನನ್ನದಾ?

ಉತ್ತರ: ಇಬ್ಬರದ್ದೂ. ಆದರೆ ಮೊದಲು ಕೇಳುವುದು ನಿಮ್ಮನ್ನೇ. ಸಂಜೆ ‘500ರ ನೋಟು ಇಷ್ಟು, 200ರದ್ದು ಇಷ್ಟು’ ಎಂದು ಬರೆದು ಸಹಿ ಹಾಕುವವರು ನೀವು. ಪುಸ್ತಕದಲ್ಲಿರುವ ಐದು ಸಾವಿರದ ಜಾಗದಲ್ಲಿ ಪೆಟ್ಟಿಗೆಯಲ್ಲಿರುವುದು ‘ಮ್ಯಾನೇಜರಿಗೆ ಕೊಟ್ಟದ್ದು’ ಎಂಬ ಬರೀ ಚೀಟಿ. ಸಂಜೆಯ ಆ ನೋಟಿನ ಲೆಕ್ಕದ ಕೆಳಗೆ ಮ್ಯಾನೇಜರೂ ಸಹಿ ಮಾಡಿದ್ದರೆ, ಸೇಫಿನ ಎರಡನೇ ಕೀ ಅವರ ಹತ್ತಿರ ಇದ್ದರೆ, ‘ನನಗೆ ಗೊತ್ತೇ ಇರಲಿಲ್ಲ’ ಎಂದು ಅವರೂ ಹೇಳುವ ಹಾಗಿಲ್ಲ. ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959ರ 69ನೇ ಕಲಂ ಪ್ರಕಾರ ನಷ್ಟವನ್ನು ಹೊಣೆಗಾರರಿಂದ ಬಡ್ಡಿ ಸಮೇತ ವಸೂಲಿ ಮಾಡಬಹುದು.

ಒಂದು ಚೀಟಿ ಅಲ್ಲಿಗೇ ನಿಲ್ಲುವುದು ಕಡಿಮೆ. ಐದಾದರೆ ಇಪ್ಪತ್ತೈದು ಸಾವಿರ. ಅಷ್ಟರಲ್ಲಿ ತಪಾಸಣೆ ಎಂದು ಸುದ್ದಿ ಬರುತ್ತದೆ. ಆಗ ಕೈ ಹೋಗುವುದು ಪಿಗ್ಮಿ ಹಣಕ್ಕೆ, ಅಂದರೆ ಏಜೆಂಟರು ದಿನಾ ಗ್ರಾಹಕರಿಂದ ಸಂಗ್ರಹಿಸಿ ತರುವ ಸಣ್ಣ ಉಳಿತಾಯಕ್ಕೆ: ಇವತ್ತಿನ ಕಲೆಕ್ಷನ್ ಖಾತೆಗೆ ಹಾಕದೆ ಪೆಟ್ಟಿಗೆ ತುಂಬುವುದು, ನಾಳಿನದ್ದರಿಂದ ಇವತ್ತಿನದ್ದನ್ನು ಜಮಾ ಮಾಡುವುದು. (1928ರಲ್ಲಿ ದಿನಕ್ಕೆ ಎರಡಾಣೆಯಿಂದ ಪಿಗ್ಮಿ ಶುರುವಾದದ್ದೇ ಉಡುಪಿಯಲ್ಲಿ, ಅದನ್ನು ಹೀಗೆ ಬಳಸುವುದು ನೋಡಿದರೆ ಬೇಜಾರಾಗುತ್ತದೆ.) ಏಜೆಂಟರ ರಶೀದಿಯ ತಾರೀಕು, ಲೆಡ್ಜರಿನ ತಾರೀಕು ಒಂದು ದಿನ ಹಿಂದುಮುಂದಾಗಿರುವುದನ್ನು ಆಡಿಟರು ನೋಡಿದರೆ ಮುಗಿಯಿತು. ಅಲ್ಲಿಗೆ ಅದು ಕೈಸಾಲದ ವಿಷಯವಾಗಿ ಉಳಿಯುವುದಿಲ್ಲ.

ಜನರೇಟರಿಗೆ ಡೀಸೆಲ್‌ನಂತಹ ನಿಜವಾದ ಖರ್ಚಿದ್ದರೆ ಮುಂಗಡ ವೋಚರ್ ಮಾಡಿ. ಹಣ ಪಡೆಯುವವರ ಹೆಸರಿಗೆ ಖರ್ಚು ಬರೆದು, ಪಾಸ್ ಮಾಡಿದ ಸಹಿ ಬಿದ್ದ ಮೇಲೆಯೇ ನೋಟು ಎಣಿಸಿ. ಬಿಲ್ ಬಂದಾಗ ಮುಂಗಡ ತೀರಿಸಿದರಾಯಿತು. ಎರಡು ನಿಮಿಷದ ಕೆಲಸ. ಇದಕ್ಕೂ ಪುರುಸೊತ್ತಿಲ್ಲ ಎನ್ನುವ ಮ್ಯಾನೇಜರಿಗೆ ಬೇಕಾದದ್ದು ಹಣ ಮಾತ್ರ ಅಲ್ಲ, ದಾಖಲೆ ಇಲ್ಲದ ಹಣ.

ಈಗಾಗಲೇ ಇರುವ ಚೀಟಿಗಳನ್ನು ಹರಿಯಬೇಡಿ. ಜೆರಾಕ್ಸ್ ತೆಗೆದಿಟ್ಟು, ಅದೇ ದಿನ ಮ್ಯಾನೇಜರಿಗೆ ಕಚೇರಿ ಇಮೇಲಿನಲ್ಲಿ ಬರೆಯಿರಿ: ‘ಸರ್, ತಮ್ಮ ಸೂಚನೆಯಂತೆ ಇಂತಿಂಥ ದಿನ ಕೊಟ್ಟ ಒಟ್ಟು ರೂ. 25,000ಕ್ಕೆ ವೋಚರ್ ಆಗಿಲ್ಲ. ಇವತ್ತೇ ಮಾಡಿಕೊಡಬೇಕಾಗಿ ವಿನಂತಿ.’ ಬೈಗುಳ, ಆರೋಪ ಬೇಡ. ತಾರೀಕು ಮತ್ತು ಮೊತ್ತ ಸಾಕು. ವೋಚರಿಗೆ ಇವತ್ತಿನದ್ದೇ ತಾರೀಕು ಹಾಕಿಸಿ. ಹಿಂದಿನ ತಾರೀಕು ಹಾಕಿದರೆ ಅವರ ತಪ್ಪಿನ ಮೇಲೆ ನಿಮ್ಮದೂ ಒಂದು ಸೇರುತ್ತದೆ. ಉತ್ತರ ಬಾರದಿದ್ದರೆ ಅದೇ ಪತ್ರ ಅಧ್ಯಕ್ಷರಿಗೆ. ಅಲ್ಲೂ ಆಗದಿದ್ದರೆ ಸಹಕಾರ ಸಂಘಗಳ ನಿಬಂಧಕರ ಕಚೇರಿಗೆ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು.

ಇನ್ನೊಂದು: ರಜೆ ಹಾಕುವ ದಿನ ಚೀಟಿ ಒಳಗಿಟ್ಟು ಕೀ ಒಪ್ಪಿಸಬೇಡಿ. ನೋಟು ಎಣಿಸಿ ಕೊಟ್ಟು, ಪಡೆದವರ ಸಹಿ ತೆಗೆದುಕೊಂಡೇ ಮನೆಗೆ ಹೊರಡಿ.