ಮ್ಯಾಪ್ ಆಫ್ ದಿ ಹ್ಯೂಮನ್ ಹಾರ್ಟ್: ಒಂದು ಎಕ್ಸ್-ರೇ ಹಿಡಿದು ಹೊರಟರೆ

ನ್ಯೂಜಿಲೆಂಡಿನ ವಿನ್ಸೆಂಟ್ ವಾರ್ಡ್ ನಿರ್ದೇಶಿಸಿದ ಸಿನಿಮಾ ಇದು. ಇದರ ಬಗ್ಗೆ ಉತ್ತರ ಬರೆಯಬೇಕಾದ ವಿದ್ಯಾರ್ಥಿಗಳಿಗೆ ಈ ಟಿಪ್ಪಣಿ. ಕತೆ ಕೆನಡಾದ ಆರ್ಕ್ಟಿಕ್‌ನಿಂದ ಮಾಂಟ್ರಿಯಲ್‌ಗೆ, ಅಲ್ಲಿಂದ ಯುದ್ಧಕಾಲದ ಇಂಗ್ಲೆಂಡಿಗೆ, ಆಮೇಲೆ ಜರ್ಮನಿಯ ಡ್ರೆಸ್ಡನ್‌ಗೆ ಹೋಗುತ್ತದೆ. ಊರು, ಇಸವಿ ಅಂತ ಪಟ್ಟಿ ಹಾಕಲು ಕೂತರೆ ತಲೆ ಕೆಡುತ್ತದೆ. ನನಗೆ ಕೆಲಸಕ್ಕೆ ಬಂದ ಉಪಾಯ ಒಂದೇ: ನಾಯಕಿ ಆಲ್ಬರ್ಟೀನ್‌ಳ ಎದೆಯ ಎಕ್ಸ್-ರೇ ಎಲ್ಲೆಲ್ಲಿ ಹೋಗುತ್ತದೋ ನೋಡಿಕೊಳ್ಳಿ.

ಕತೆ ಚುಟುಕಾಗಿ. 1931ರಲ್ಲಿ ನಕ್ಷೆ ಮಾಡಲು ಬಂದ ಬ್ರಿಟಿಷ್ ವಾಲ್ಟರ್ ರಸೆಲ್, ಕ್ಷಯ ಹಿಡಿದ ಆವಿಕ್ ಎಂಬ ಹುಡುಗನನ್ನು ವಿಮಾನದಲ್ಲಿ ಮಾಂಟ್ರಿಯಲ್ ಆಸ್ಪತ್ರೆಗೆ ಒಯ್ಯುತ್ತಾನೆ. ಆವಿಕ್ ಅರ್ಧ ಇನುಯಿಟ್, ಅಂದರೆ ಆರ್ಕ್ಟಿಕ್‌ನ ಮೂಲನಿವಾಸಿ ಜನಾಂಗದವನು. ಅಲ್ಲಿ ಸಿಗುವ ಆಲ್ಬರ್ಟೀನ್ ಮೆಟಿಸ್ ಹುಡುಗಿ, ಅಂದರೆ ಮೂಲನಿವಾಸಿ ಮತ್ತು ಫ್ರೆಂಚ್ ಎರಡೂ ರಕ್ತದವಳು. ಇಬ್ಬರೂ ಹತ್ತಿರವಾಗುತ್ತಾರೆ, ಸನ್ಯಾಸಿನಿಯರು ಬೇರೆ ಮಾಡುತ್ತಾರೆ. ಇಷ್ಟು ಸಾಕು.

ಈಗ ಎಕ್ಸ್-ರೇ. ಆಗ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಇನ್ನೂ ಬಂದಿರಲಿಲ್ಲ, ಅದು 1940ರ ದಶಕದ ಔಷಧ. ವಿಶ್ರಾಂತಿ, ಊಟ, ಒಳ್ಳೆ ಗಾಳಿ, ಆಗಾಗ ಒಂದು ಎಕ್ಸ್-ರೇ, ಹೆಚ್ಚುಕಮ್ಮಿ ಇಷ್ಟೇ ಚಿಕಿತ್ಸೆ. ಆಲ್ಬರ್ಟೀನ್‌ಳ ಎಕ್ಸ್-ರೇ ಡಾಕ್ಟರಿಗೆ ರೋಗದ ದಾಖಲೆ. ಆವಿಕ್‌ಗೆ ಅದೇ ಅವಳು. ಊರಿಗೆ ಮರಳಿದ ಮೇಲೂ ಜೋಪಾನವಾಗಿ ಇಟ್ಟುಕೊಳ್ಳುತ್ತಾನೆ.

ಸುಮಾರು ಹತ್ತು ವರ್ಷದ ನಂತರ ವಾಲ್ಟರ್ ಮತ್ತೆ ಬರುತ್ತಾನೆ. ಆವಿಕ್ ಎಕ್ಸ್-ರೇಯನ್ನು ಅವನ ಕೈಗೆ ಕೊಟ್ಟು, ಅವಳನ್ನು ಹುಡುಕಿ ಅನ್ನುತ್ತಾನೆ. ಎಲ್ಲರೂ ಎಡವುವುದು ಇಲ್ಲೇ. ಇಷ್ಟು ಪ್ರೀತಿಯ ವಸ್ತುವನ್ನು ಯಾಕೆ ಕೊಟ್ಟುಬಿಟ್ಟ? ಆವಿಕ್‌ನ ಕಣ್ಣಲ್ಲಿ ನೋಡಿ. ವಾಲ್ಟರ್ ಆಕಾಶದಿಂದ ಬಂದವನು, ಹಿಮದ ಬಯಲನ್ನೇ ಕಾಗದಕ್ಕೆ ಇಳಿಸಿದವನು. ನೆಲ ಹುಡುಕುವವನಿಗೆ ಒಂದು ಹುಡುಗಿ ಸಿಗಲ್ವಾ? ಆಲ್ಬರ್ಟೀನ್ ಸಿಗುತ್ತಾಳೆ. ಆದರೆ ಆವಿಕ್ ಇಂಗ್ಲೆಂಡ್ ತಲುಪುವ ಹೊತ್ತಿಗೆ ಅವಳು ವಾಲ್ಟರ್‌ನ ಜೊತೆಗಿದ್ದಾಳೆ. ಎದೆಯ ಚಿತ್ರವನ್ನೂ ಅವನು ನಕ್ಷೆಯ ಹಾಗೇ ಬಳಸಿದ: ಗುರುತು ಹಾಕಿದ ಜಾಗ ತನ್ನದು. ಮೂವರ ಸಂಬಂಧದ ಗಂಟು ಬಿದ್ದಿದ್ದು ಈ ಒಂದು ಹಸ್ತಾಂತರದಲ್ಲಿ. ಉತ್ತರ ಬರೆಯುವಾಗ ಇಲ್ಲಿ ಜಾಸ್ತಿ ಹೊತ್ತು ನಿಲ್ಲಿ.

ಯುದ್ಧದಲ್ಲಿ ಆವಿಕ್ ಲ್ಯಾಂಕಾಸ್ಟರ್ ಎಂಬ ಬ್ರಿಟಿಷ್ ಬಾಂಬರ್ ವಿಮಾನದಲ್ಲಿ ಬಾಂಬ್ ಗುರಿ ಹಿಡಿಯುವವನು. ಅವನ ಜಾಗ ವಿಮಾನದ ಮೂತಿಯಲ್ಲಿ. ಹೊಟ್ಟೆ ಮೇಲೆ ಮಲಗಿ, ಪಾರದರ್ಶಕ ಗುಮ್ಮಟದಿಂದ ಕೆಳಗೆ ನೋಡಬೇಕು. ಬಾಂಬ್ ಬಿಟ್ಟ ಮೇಲೂ ತಕ್ಷಣ ತಿರುಗುವಂತಿಲ್ಲ. ಫ್ಲಾಶ್ ಹೊತ್ತಿ ಕ್ಯಾಮೆರಾ ನೆಲದ ಫೋಟೋ ಹಿಡಿಯುವವರೆಗೂ ನೆಟ್ಟಗೆ ಹಾರಬೇಕು. ಮೇಲಿಂದ ತೆಗೆದ ಫೋಟೋಗಳನ್ನು ಓದುವುದೇ ಆಲ್ಬರ್ಟೀನ್‌ಳ ಕೆಲಸ! ಎಕ್ಸ್-ರೇ, ನಕ್ಷೆ, ವಿಮಾನದ ಫೋಟೋ, ಮೂರರಲ್ಲೂ ಮುಖ ಕಾಣುವುದಿಲ್ಲ.

1945ರ ಫೆಬ್ರವರಿ 13ರ ರಾತ್ರಿ ಸುಮಾರು 800 ಲ್ಯಾಂಕಾಸ್ಟರ್‌ಗಳು ಎರಡು ಅಲೆಯಲ್ಲಿ ಡ್ರೆಸ್ಡನ್ ಮೇಲೆ ಬಂದವು. ಆ ದಾಳಿಗಳಲ್ಲಿ ಸತ್ತವರು ಸುಮಾರು 25,000 ಎಂದು ಈಗಿನ ಲೆಕ್ಕ. ಸಿನಿಮಾದಲ್ಲಿ ಆವಿಕ್ ಪ್ಯಾರಾಚೂಟ್‌ನಲ್ಲಿ ಆ ಬೆಂಕಿಯೊಳಗೇ ಇಳಿಯುತ್ತಾನೆ. ಅಲ್ಲಿವರೆಗೂ ಮೇಲಿಂದ ಗುರಿಯಾಗಿ ಕಂಡ ಊರು ಈಗ ಬೀದಿಯಾಗಿ, ಜನರಾಗಿ ಸುತ್ತ ಉರಿಯುತ್ತಿದೆ. ನನ್ನ ಪ್ರಕಾರ ಇಡೀ ಸಿನಿಮಾದ ನಡುಮನೆ ಇದೇ ದೃಶ್ಯ.

ಚೌಕಟ್ಟು ಮರೆಯಬೇಡಿ. ಇದನ್ನೆಲ್ಲ 1965ರಲ್ಲಿ ವಯಸ್ಸಾದ ಆವಿಕ್ ಹೇಳುತ್ತಿರುವುದು ಇನ್ನೊಬ್ಬ ನಕ್ಷೆಗಾರನಿಗೆ. ಆ ಪಾತ್ರ ಜಾನ್ ಕ್ಯೂಸಾಕ್ ಅವರದ್ದು.

ಒಂದು ತಕರಾರೂ ಬರೆಯಲೇಬೇಕು. ಬಾಲಕ ಆವಿಕ್ ಆಗಿ ರಾಬರ್ಟ್ ಜೋಮಿ ಎಂಬ ಇನುಯಿಟ್ ಹುಡುಗನೇ ಇದ್ದಾನೆ, ಆದರೆ ದೊಡ್ಡವನಾದ ಆವಿಕ್ ಜೇಸನ್ ಸ್ಕಾಟ್ ಲೀ, ಚೀನೀ ಮತ್ತು ಹವಾಯಿ ಮೂಲದವರು. ಆಸ್ಪತ್ರೆಯ ಪ್ರಸಂಗವನ್ನೂ ಸುಮ್ನೆ ಪ್ರೇಮದ ಹಿನ್ನೆಲೆ ಅಂತ ದಾಟಬೇಡಿ. ನಿಜದಲ್ಲೂ ಹೀಗಾಗಿದೆ: 1950ರ ದಶಕದಲ್ಲಿ ಸಿ.ಡಿ. ಹೋವ್ ಎಂಬ ಹಡಗು ಇನುಯಿಟ್ ಹಳ್ಳಿಗಳಲ್ಲಿ ಎಕ್ಸ್-ರೇ ತೆಗೆದು, ಕ್ಷಯ ಕಂಡವರನ್ನು ದಕ್ಷಿಣಕ್ಕೆ ಒಯ್ಯುತ್ತಿತ್ತು. ಎಷ್ಟೋ ಜನ ಅಲ್ಲೇ ತೀರಿಕೊಂಡರು, ಎಲ್ಲಿ ಹೂತರು ಅನ್ನುವುದೂ ಮನೆಯವರಿಗೆ ಗೊತ್ತಾಗಲಿಲ್ಲ. ಕೆನಡಾದ ಆಗಿನ ಪ್ರಧಾನಿ ಟ್ರೂಡೊ ಇದಕ್ಕೆ ಉತ್ತರ ಕೆನಡಾದ ಇಕಾಲುಯಿಟ್‌ನಲ್ಲಿ ಕ್ಷಮೆ ಕೇಳಿದ್ದು 2019ರಲ್ಲಿ.