ಬೈದರೂ ಹಠ ನಿಲ್ಲುವುದಿಲ್ಲ, ಯಾಕೆ?

ಪ್ರಶ್ನೆ: ನಾಲ್ಕು ವರ್ಷದ ಮಗಳು ದಿನಾ ಮೊಬೈಲ್‌ಗೆ ಹಠ ಮಾಡುತ್ತಾಳೆ. ಗದರಿದರೆ ಆ ಹೊತ್ತಿಗೆ ಸುಮ್ಮನಾಗುತ್ತಾಳೆ. ಮರುದಿನ ಮತ್ತೆ ಅದೇ ರಾಗ. ಶಿಕ್ಷೆ ಯಾಕೆ ನಾಟುತ್ತಿಲ್ಲ?

ಉತ್ತರ: ‘ಆ ಹೊತ್ತಿಗೆ’ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಶಿಕ್ಷೆ ಬಹುಪಾಲು ನಡವಳಿಕೆಯನ್ನು ಅದುಮಿಡುತ್ತದೆ, ಅಳಿಸುವುದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ 1938ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನೋಡಿ. ಲಿವರ್ ಒತ್ತಿದರೆ ತಿನ್ನಲು ಸಿಗುತ್ತದೆ ಎಂದು ಇಲಿಗಳು ಕಲಿತಿದ್ದವು. ಆಮೇಲೆ ತಿನಿಸು ನಿಲ್ಲಿಸಿದರು. ಕೆಲವು ಇಲಿಗಳಿಗೆ ಮಾತ್ರ, ಮೊದಲ ಸ್ವಲ್ಪ ಹೊತ್ತು, ಒತ್ತಿದಾಗಲೆಲ್ಲ ಪಂಜಕ್ಕೆ ಪೆಟ್ಟು ಬೀಳುತ್ತಿತ್ತು. ಅವು ಥಟ್ಟನೆ ಒತ್ತುವುದನ್ನು ಬಿಟ್ಟವು. ಪೆಟ್ಟು ನಿಂತಿತು, ಒತ್ತುವುದು ಮತ್ತೆ ಶುರುವಾಯಿತು. ಎರಡು ದಿನ ಕಳೆದು ಲೆಕ್ಕ ಹಾಕಿದರೆ, ಪೆಟ್ಟು ತಿನ್ನದ ಇಲಿಗಳು ಒತ್ತಿದಷ್ಟೇ ಸಲ ಇವೂ ಒತ್ತಿದ್ದವು!

ಈಗ ನಿಮ್ಮ ಮನೆಗೆ ಬರೋಣ. ದಿನಾ ಗದರುತ್ತೀರಿ, ಸರಿ. ಆದರೆ ಯಾವತ್ತೋ ಒಂದು ದಿನ ತಲೆ ಸಿಡಿಯುತ್ತಿರುತ್ತದೆ, ಅವಳ ದನಿ ಏರುತ್ತಲೇ ಇರುತ್ತದೆ, ‘ತಗೋ’ ಅಂತ ಕೊಟ್ಟುಬಿಡುತ್ತೀರಿ, ಅಲ್ವಾ? ಆ ಗಳಿಗೆಯಲ್ಲಿ ಇಬ್ಬರೂ ಪಾಠ ಕಲಿಯುತ್ತೀರಿ. ಜೋರಾಗಿ ಅತ್ತರೆ ಮೊಬೈಲ್ ಬರುತ್ತದೆ ಎಂದು ಅವಳು. ಕೊಟ್ಟರೆ ಗಲಾಟೆ ನಿಲ್ಲುತ್ತದೆ ಎಂದು ನೀವು.

ಅವಳಿಗೆ ಆದದ್ದು ಪಾಸಿಟಿವ್ ರೀಇನ್‌ಫೋರ್ಸ್‌ಮೆಂಟ್: ಬೇಕಾದದ್ದು ಸಿಕ್ಕಿ ನಡವಳಿಕೆ ಬಲವಾಯಿತು. ನಿಮಗೆ ಆದದ್ದು ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್: ಬೇಡದ್ದು ತೊಲಗಿ ನಡವಳಿಕೆ ಬಲವಾಯಿತು. ಇದನ್ನು ಶಿಕ್ಷೆ ಎಂದುಕೊಳ್ಳುವವರು ಜಾಸ್ತಿ. ಶಿಕ್ಷೆ ನಡವಳಿಕೆಯನ್ನು ತಗ್ಗಿಸುತ್ತದೆ, ಇದು ಹೆಚ್ಚಿಸುತ್ತದೆ. ನೀವು ಗದರುವ ಅಭ್ಯಾಸವೂ ಬೆಳೆದದ್ದು ಹೀಗೆಯೇ. ಗದರಿದ ಕೂಡಲೇ ಮನೆ ಶಾಂತವಾಗುತ್ತದೆ ನೋಡಿ.

ದಿನಾ ಸಿಗುವುದಕ್ಕಿಂತ ಆಗಾಗ ಸಿಗುವುದೇ ಹಠವನ್ನು ಗಟ್ಟಿ ಮಾಡುತ್ತದೆ. ಹತ್ತು ಸಲ ಅತ್ತು ಒಮ್ಮೆ ಸಿಕ್ಕರೆ, ಹನ್ನೊಂದನೇ ಸಲವೂ ಅಳುವುದಕ್ಕೆ ಅವಳಿಗೆ ಕಾರಣವಿದೆ.

ಹಾಗಾದರೆ ಏನು ಮಾಡುವುದು? ಕೊಡುವುದಿದ್ದರೆ ಅಳು ಶುರುವಾಗುವ ಮೊದಲೇ, ಹೊತ್ತು ಗೊತ್ತುಮಾಡಿ ಕೊಡಿ. ಇಲ್ಲ ಅಂದ ಮೇಲೆ ಇಲ್ಲ. ಮೊದಲ ಕೆಲವು ದಿನ ಅಳು ಇನ್ನೂ ಜೋರಾಗಬಹುದು, ಇದು ಗೊತ್ತಿರುವ ಸಂಗತಿಯೇ, ಗಾಬರಿಯಾಗಬೇಡಿ. ಆಗ ಸೋತರೆ ಇನ್ನೂ ಎತ್ತರದ ದನಿಯನ್ನು ನೀವೇ ಕಲಿಸಿದಂತೆ. ಶಿಕ್ಷೆ ‘ಹೀಗೆ ಮಾಡಬೇಡ’ ಅನ್ನುತ್ತದೆ, ‘ಹೀಗೆ ಮಾಡು’ ಅನ್ನುವುದಿಲ್ಲ. ಅದಕ್ಕೇ ಅವಳು ಮೆಲ್ಲಗೆ ‘ಅಮ್ಮಾ’ ಅಂದ ಮೊದಲ ಸಲ, ಕೈಯಲ್ಲಿರುವ ಕೆಲಸ ಬಿಟ್ಟು ತಕ್ಷಣ ಅವಳ ಕಡೆ ತಿರುಗಿ.